ಬಾಗಿಲ ತನಕ ಹೋಗುತ್ತಿದ್ದ ಬೋಗುಣಿ

ಆಪರೇಷನ್ ಸಾಮಾನಿನ ಅಂಗಡಿಯಲ್ಲಿ ನನ್ನಷ್ಟು ಅಗಲದ ಪಾತ್ರೆಗೆ ಒಂಬೈನೂರು ರೂಪಾಯಿ ಹೇಳಿದ್ದರಂತೆ. ಗದಗಿನ ಪಾತ್ರೆ ಅಂಗಡಿಯವನು ನನ್ನನ್ನು ತಕ್ಕಡಿಗೆ ಹಾಕಿ ಇನ್ನೂರ ನಲವತ್ತಕ್ಕೆ ಕೊಟ್ಟ. ಕೊಂಡವರು ಸಿಸ್ಟರ್ ದಯಾಮಣಿ. "ಹಿಟ್ಟು ಕಲಸೂ ಬೋಗುಣಿ ಆದ್ರೇನಾತು, ಕುದಿಸಿದ ಮ್ಯಾಲ ಎಲ್ಲಾ ಒಂದ" ಎಂದು ನನ್ನ ಬೆನ್ನಿಗೆ ಬೆರಳಿನಿಂದ ಬಾರಿಸಿ ನೋಡಿದರು.

ಹೀಗೆ ರೊಟ್ಟಿ ಹಿಟ್ಟಿಗೆಂದು ಹುಟ್ಟಿದ ನಾನು, ಒಂದು ಸ್ಟೀಲಿನ ಬೋಗುಣಿ, ಹೆಂಗಸರ ಆಸ್ಪತ್ರೆಯ ಆಪರೇಷನ್ ಕೋಣೆ ಸೇರಿದೆ. ಎಲ್ಲರೂ ಬಾಯಿಯವರು ಎಂದು ಕರೆಯುವ ಲೇಡಿ ಡಾಕ್ಟರು ಹೊಟ್ಟೆಯಿಂದ ತೆಗೆದ ಗಡ್ಡೆಯನ್ನು ನಾನು ಹಿಡಿದುಕೊಳ್ಳಬೇಕು. ಆಮೇಲೆ ಸಿಸ್ಟರ್ ಕೈಯಲ್ಲಿ ಬಾಗಿಲ ತನಕ ಹೋಗಿ ಮನೆಯವರಿಗೆ ತೋರಿಸಬೇಕು. ಕಣ್ಣಾರೆ ಕಾಣದಿದ್ದರೆ ನಮ್ಮ ಕಡೆಯ ಜನ ನಂಬುವುದಿಲ್ಲ.

ಅಂಡಾಶಯದ ಗಡ್ಡೆಗಳನ್ನು ನಾನು ಓದಿ ತಿಳಿದವನಲ್ಲ, ಹೊತ್ತು ತಿಳಿದವನು. ಕೆಲವು ಬರೀ ನೀರಿನ ಚೀಲ: ತೆಳು ಸಿಪ್ಪೆ, ಒಳಗೆ ತಿಳಿನೀರು, ಚುಚ್ಚಿದರೆ ಮುದುಡಿ ಬೀಳುತ್ತವೆ. ಕೆಲವು ಕುಂಬಳಕಾಯಿಯಷ್ಟು ಬೆಳೆಯುತ್ತವೆ. ಒಳಗೆ ಹತ್ತಾರು ಕೋಣೆ, ಕೋಣೆ ತುಂಬ ಲೋಳೆಸರದಂಥ ಅಂಟು. ಅವನ್ನು ತೊಳೆಯುವಷ್ಟರಲ್ಲಿ ಸಿಸ್ಟರ್ ಕೈ ಸೋಲುತ್ತಿತ್ತು. ಇನ್ನು ಬಿಳಿ ಗಟ್ಟಿ ಗಡ್ಡೆ, ಕೊಯ್ದರೆ ಸುತ್ತಿದ ನೂಲಿನ ಉಂಡೆಯಂತೆ ಕಾಣುತ್ತದೆ. ಅದು ಬಿದ್ದರೆ ನಾನು ಠಣ್ ಎನ್ನುತ್ತೇನೆ. ಜಿಡ್ಡಿನ ಗಡ್ಡೆಯದು ಬೇರೆಯೇ ಗುಣ. ಬೆಚ್ಚಗಿರುವಾಗ ಕರಗಿದ ತುಪ್ಪ. ತಣ್ಣಗಾಗುತ್ತಲೇ ನನ್ನ ತಳದಲ್ಲಿ ಹೆಪ್ಪುಗಟ್ಟುತ್ತದೆ.

ಗಾತ್ರ ಮೋಸ ಮಾಡುತ್ತದೆ ಎಂಬುದನ್ನೂ ಅಲ್ಲೇ ಕಲಿತೆ. ಒಮ್ಮೆ ಮುಷ್ಟಿಯಷ್ಟೇ ಇದ್ದ ಎರಡು ಗಡ್ಡೆ ಬಂದವು, ಎರಡೂ ಕಡೆಯಿಂದ ಒಂದೊಂದು. ಮೈಯೆಲ್ಲ ಹೂಕೋಸಿನಂತೆ ಒರಟು, ಮುಟ್ಟಿದರೆ ಪುಡಿಯಾಗಿ ರಕ್ತ. ಹೊಟ್ಟೆ ತುಂಬ ನೀರು ಬೇರೆ. "ಇಷ್ಟ ಸಣ್ಣದಾ!" ಎಂದು ಬಾಗಿಲಲ್ಲಿದ್ದ ಗಂಡ ಸಮಾಧಾನದ ಉಸಿರುಬಿಟ್ಟ. ಬಾಯಿಯವರು ನಗಲಿಲ್ಲ. ಪರೀಕ್ಷೆಗೆ ಕಳಿಸಿದ ಚೂರಿನ ಉತ್ತರ ಅವರು ಅಂಜಿದಂತೆಯೇ ಕ್ಯಾನ್ಸರ್ ಎಂದು ಬಂತು. ಆ ಹೆಣ್ಣುಮಗಳು ಮುಂದಿನ ದೀಪಾವಳಿ ಕಾಣಲಿಲ್ಲ. ಕುಂಬಳಕಾಯಿ ಹೊತ್ತವರು ಎದ್ದು ನಡೆದು ಮನೆಗೆ ಹೋದದ್ದನ್ನು ನೋಡಿದ್ದೇನೆ.

ದಾಕ್ಷಾಯಣಿ ಬಂದದ್ದು ಒಂದು ಬೆಳಿಗ್ಗೆ. ಕೊಡ ಎತ್ತುವಾಗ ಹೊಟ್ಟೆ ಹಿಡಿದು ಬಿದ್ದಿದ್ದಳು. ಗಡ್ಡೆ ತನ್ನ ತೊಟ್ಟಿನ ಮೇಲೆ ತಿರುಚಿಕೊಂಡು, ಆ ಬದಿಯ ಅಂಡಾಶಯ ಕಪ್ಪಾಗಿತ್ತು. ಹುಡುಗಿಗೆ ಇನ್ನೂ ಮದುವೆಯಾಗಿರಲಿಲ್ಲ. ಸೋದರತ್ತೆ ಚನ್ನಬಸವ್ವನ ಮಗನಿಗೇ ಕೊಡುವ ಮಾತಾಗಿತ್ತು. ಆ ಅತ್ತೆಯೂ, ತಾಯಿ ಕಸ್ತೂರೆವ್ವನೂ ಬಾಗಿಲಲ್ಲಿ ಕಾದಿದ್ದರು.

ಬಾಯಿಯವರು ಕಪ್ಪಾದದ್ದನ್ನು ತೆಗೆದರು. ಇನ್ನೊಂದು ಬದಿಯದು ಚೆನ್ನಾಗಿತ್ತು, ಮುಟ್ಟಲಿಲ್ಲ. ಗಡ್ಡೆಯನ್ನು ನನ್ನೊಳಗೆ ಇಟ್ಟು ಸೀಳಿದರು. ಜಿಡ್ಡು, ಒಂದು ಹಿಡಿ ಕರಿ ಕೂದಲು, ಎರಡು ಹಲ್ಲು. ಸಿಸ್ಟರ್ ಎಂದಿನಂತೆ ಮೊಣಕೈಯಿಂದ ಬಾಗಿಲು ತಳ್ಳಿ ನನ್ನನ್ನು ಹಿಡಿದು ನಿಂತರು.

ಚನ್ನಬಸವ್ವ ಬಗ್ಗಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. "ಕೂದಲಾ! ಹಲ್ಲಾ! ಕಸ್ತೂರೀ, ಮಗಳ ಹೊಟ್ಯಾಗ ಏನಿತ್ತು, ಬಾಯಿಬಿಟ್ಟು ಹೇಳು."

"ದೇವರಾಣಿ ನನಗೇನೂ ಗೊತ್ತಿಲ್ಲ ಅಕ್ಕಾ."

"ಸುಮ್ಮಸುಮ್ಮನ ಹಲ್ಲು ಬರ್ತಾವೇನು? ಇಂಥಾಕಿನ್ನ ನನ್ನ ಮಗನ ಕೊರಳಿಗೆ ಕಟ್ಟಾಕ ಹೊಂಟಿದ್ಯಾ?"

ಅಷ್ಟರಲ್ಲಿ ವಾರ್ಡಿನ ಫಕೀರವ್ವ ಹೊಟ್ಟೆಗೆ ಕೈ ಕೊಟ್ಟುಕೊಂಡು ನಿಧಾನ ನಡೆದುಬಂದಳು. ಹಿಂದಿನ ವಾರ ಆಕೆಯ ಗಡ್ಡೆಯನ್ನೂ ನಾನೇ ಹಿಡಿದಿದ್ದೆ.

"ತಂಗೀ, ಹಲ್ಲಿನ ಸುದ್ದಿ ನನ್ನ ಕೇಳು. ನನಗ ಅರವತ್ತೆಂಟು. ಗಂಡ ಸತ್ತು ಇಪ್ಪತ್ತು ವರ್ಷಾತು. ನನ್ನ ಹೊಟ್ಯಾಗೂ ಮೂರು ಹಲ್ಲು ಸಿಕ್ಕಾವು. ಬಾಯಾಗ ನೋಡು, ಒಂದೂ ಇಲ್ಲ!" ಎಂದು ಬೋಳು ವಸಡು ತೋರಿಸಿದಳು. "ಅದೂ ಕೂಸ ಅಂತೀಯೇನು? ಹಂಗಾದ್ರ ತೊಟ್ಲಾ ತಾ, ಹೆಸರಿಡೂನು."

ಹೊಲಿಗೆ ಮುಗಿಸಿದ ಬಾಯಿಯವರೂ ಬಂದರು. "ಕೂಸಿಗೆ ಹೊಕ್ಕಳಬಳ್ಳಿ ಇರ್ತದ, ಬೆನ್ನೆಲುಬು ಇರ್ತದ. ಇದರಾಗ ಎಲ್ಲೈತಿ ತೋರಸ್ರಿ? ಅಂಡಾಶಯದಾಗಿನ ಮೂಲಕಣ ತಾನಾಗಿ ಬೆಳದು ಚರ್ಮ, ಕೂದಲು, ಹಲ್ಲು ಆಗ್ತಾವು. ಗಂಡಸಿನ ಮಾತೇ ಇಲ್ಲ ಇದಕ್ಕ. ಎಂಟು ವರ್ಷದ ಹುಡುಗಿಗೂ ತಗದೀನಿ ನಾನು."

ಚನ್ನಬಸವ್ವ ಸೆರಗು ಸರಿಮಾಡಿಕೊಂಡಳು. "ಅಯ್ಯ, ನಾ ಸಹಜ ಕೇಳಿದ್ನಿ. ಮದುವಿಯೇನು ತಪ್ಪಂಗಿಲ್ಲ ಬಿಡ್ರಿ."

"ತಪ್ಪತೈತಿ ಅತ್ತೀ."

ದನಿ ಬಂದದ್ದು ಒಳಗಿನಿಂದ. ಬೆನ್ನಿಗೆ ಸೂಜಿ ಕೊಟ್ಟು ಎದೆಯ ಕೆಳಗೆ ಮಾತ್ರ ಮರಗಟ್ಟಿಸಿದ್ದರು. ಹುಡುಗಿ ಉದ್ದಕ್ಕೂ ಎಚ್ಚರವಾಗಿದ್ದಳೆಂಬುದು ಹೊರಗಿನವರಿಗೆ ಹೊಳೆದಿರಲಿಲ್ಲ.

"ಬೆನ್ನಿಗಷ್ಟ ಸೂಜಿ ಕೊಟ್ಟಾರ, ಕಿವಿಗೆ ಕೊಟ್ಟಿಲ್ಲ. ನಿನ್ನ ಮಗಗ ಬ್ಯಾರೆ ಹೆಣ್ಣು ನೋಡು."

ನನ್ನ ತಳದಲ್ಲಿ ಜಿಡ್ಡು ಹೆಪ್ಪುಗಟ್ಟಿತ್ತು. ಆ ದಿನದಿಂದ ಬಾಯಿಯವರು ಮೊದಲು ಹೊರಗೆ ಬಂದು ವಿಷಯ ಹೇಳುತ್ತಿದ್ದರು. ಬೋಗುಣಿ ಆಮೇಲೆ.

ಈಗ ಸಣ್ಣ ತೂತಿನಿಂದ ಆಪರೇಷನ್ ಮಾಡುವ ಯಂತ್ರ ಬಂದಿದೆ. ಮನೆಯವರಿಗೆ ಮೊಬೈಲಿನಲ್ಲಿ ಫೋಟೋ ತೋರಿಸುತ್ತಾರೆ. ಅಂಚು ನೆಗ್ಗಿದ ನಾನು ಹಿತ್ತಲ ನಲ್ಲಿಯ ಕೆಳಗೆ ಇದ್ದೇನೆ. ಬಾಣಂತಿಯರ ಕಡೆಯವರು ಬಟ್ಟೆ ನೆನೆಹಾಕಲು ಒಯ್ಯುತ್ತಾರೆ.

ಹೋದ ತಿಂಗಳು ಒಯ್ದವಳು ಕಸ್ತೂರೆವ್ವ. ಕೂದಲು ನೆರೆತಿದೆ. ನನ್ನ ಗುರುತು ಅವಳಿಗೆ ಸಿಗಲಿಲ್ಲ. ನೆನೆಹಾಕಿದ್ದು ಮೊಮ್ಮಗಳ ಬಟ್ಟೆ. ಪಕ್ಕದ ಕಲ್ಲಿನಲ್ಲಿ ಒಗೆಯುತ್ತಿದ್ದವಳು ಯಾರ ಬಾಣಂತನವೆಂದು ಕೇಳಿದ್ದಕ್ಕೆ, "ನಮ್ಮ ದಾಕ್ಷಾಯಣೀದು, ಚೊಚ್ಚಲು" ಎಂದಳು. ಅಳಿಯ ಬೇರೆ ಊರಿನವನಂತೆ.

ಹುಡುಗಿ ಅಂದು ಕಳೆದುಕೊಂಡದ್ದು ಒಂದು ಅಂಡಾಶಯ, ಒಂದು ಸಂಬಂಧ. ಉಳಿದ ಒಂದೇ ಅಂಡಾಶಯ ಸಾಕಾಯಿತು.