ಒಳಗೆ ಬಿಟ್ಟ ಬಟ್ಟೆ

೧. ಎಲ್ಲಿಂದ ಶುರು ಮಾಡಲಿ? ಆಸ್ಪತ್ರೆಯಿಂದ ಎಂದರೆ ನೀವು ಪುಟ ತಿರುಗಿಸುತ್ತೀರಿ. ದರ್ಜಿ ಅಂಗಡಿಯಿಂದಲೇ ಆಗಲಿ.

ಅಂಗಡಿ ಅಕ್ಕ-ತಮ್ಮನದು. ತಮ್ಮ ಅಮಲಿನ ಬಿಳಿ ಪುಡಿಯ ಚಟಕ್ಕೆ ಬಿದ್ದಿದ್ದ. ಬಿಟ್ಟ ಮೇಲೂ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಪುಡಿ ಮೇಜಿನ ಮೇಲೆ ಉದುರಿದರೆ ಸಾಕು, ಹಳೆಯ ಆಸೆ ಕೆರಳಿ ಕತ್ತರಿ ಬಿಟ್ಟು ಎದ್ದುಬಿಡುತ್ತಿದ್ದ. ಅಕ್ಕ ಸುಣ್ಣದ ತುಂಡುಗಳನ್ನೆಲ್ಲ ಬಚ್ಚಿಟ್ಟು, ಸವೆದ ಸೋಪಿನ ಚೂರಿನಲ್ಲಿ ಗೆರೆ ಎಳೆಯತೊಡಗಿದಳು. ಅವನಿಗೆ ಗುಂಡಿ ಹಚ್ಚುವ ಕೆಲಸ ಮಾತ್ರ. ಕತ್ತರಿಸುವ ಮೇಜಿಗೆ ಅವನು ಮರಳುತ್ತಾನೋ ಇಲ್ಲವೋ, ಇಷ್ಟೇ ಕಥೆ.

೨. (ಇಲ್ಲಿ ಮಿದುಳಿನ ಬಗ್ಗೆ ಒಂದು ಪುಟ ಪಾಂಡಿತ್ಯ ಮೆರೆದಿದ್ದೆ. ಹೊಡೆದು ಹಾಕಿದ್ದೇನೆ. ಥ್ಯಾಂಕ್ಸ್ ಹೇಳಿ.)

ಆ ಆಸೆ ತಗ್ಗಿಸಲು ಆಸ್ಪತ್ರೆಯಲ್ಲಿ ಕೊಡುವ ಚಿಕಿತ್ಸೆಯಲ್ಲಿ ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ತಲೆಗೊಂದು ತಂತಿಯ ಸುರುಳಿ ಆನಿಸುತ್ತಾರೆ. ಅದು ಟಕಟಕ ಎನ್ನುತ್ತಾ ಆಯಸ್ಕಾಂತದ ಮಿಡಿತ ಕಳಿಸುತ್ತದೆ. ಮೊದಲ ದಿನ ಮಿಡಿತ ಎಷ್ಟು ಜೋರು ಬೇಕೆಂದು ಅಳೆಯುವಾಗ ಅವನ ಹೆಬ್ಬೆರಳು ತಾನಾಗಿಯೇ ಕುಣಿಯಿತು. ಕತ್ತರಿ ಹಿಡಿಯುವ ಬೆರಳು. ಪಕ್ಕದಲ್ಲಿ ಕೂತಿದ್ದ ಅಕ್ಕ ಕಣ್ಣೊರೆಸಿಕೊಂಡಳು.

೩. ಪ್ರತಿ ಸಲವೂ ಯಂತ್ರ ಹಚ್ಚುವ ಮುಂಚೆ ನರ್ಸ್ ಚಟದ ಆಸೆ ಕೆರಳಿಸುವ ಚಿತ್ರ ತೋರಿಸುತ್ತಿದ್ದಳು. ಕೆಲವು ವಾರಗಳ ಮೇಲೆ, ಮೇಜಿನ ಮೇಲಿನ ಬಿಳಿ ಪುಡಿಯ ಚಿತ್ರ ನೋಡಿ ಅವನೆಂದ: "ಯಾರೂ ಮೇಜು ಒರೆಸೇ ಇಲ್ವಲ್ಲ, ಬಟ್ಟೆಗೆ ಹತ್ತತ್ತೆ."

ನರ್ಸ್‌ಗೆ ಏನೂ ತಿಳಿಯಲಿಲ್ಲ. ಅಕ್ಕನಿಗೆ ತಿಳಿಯಿತು. ಅವನ ಕಣ್ಣಿಗೆ ಅದು ಬರೀ ಸೀಮೆಸುಣ್ಣವಾಗಿತ್ತು.

೪. ಕಥೆಗೆ ಖಾರ ಬೇಕೆಂದು ಅವನು ಮತ್ತೆ ಚಟಕ್ಕೆ ಬಿದ್ದ ಎಂದು ಬರೆದೆ. ಜಗಳಕ್ಕೇ ಬಂದ. "ಸಾರ್, ನಿಮ್ಮ ಕಥೆ ಏಳ್ಲಿ ಅಂತ ನನ್ನ ಬೀಳಿಸ್ಬೇಡಿ." ಹಾಗಾದರೆ ಯಂತ್ರದ ಪವಾಡ ಎಂದು ತಿದ್ದಿದೆ. ಅದಕ್ಕೂ ಒಪ್ಪಲಿಲ್ಲ. ಆಸೆ ಈಗಲೂ ಬರುತ್ತದಂತೆ. ಮೊದಲಿನ ಹಾಗೆ ಬಾಗಿಲು ಮುರಿದು ನುಗ್ಗದೆ ಹೊರಗೆ ನಿಂತು ಕರೆಯುತ್ತದಂತೆ. ಅಷ್ಟರಲ್ಲಿ ಅಕ್ಕನನ್ನು ಕೂಗಲು ಪುರಸೊತ್ತು ಸಿಗುತ್ತದೆ.

"ಆ ಪುರಸೊತ್ತು ಕೊಟ್ಟೋರ ಋಣ, ಕೂಗಿದಾಗ ಬಂದೋಳ ಋಣ, ಎರಡೂ ನನ್ನ ಮೇಲಿದೆ ಅಂತ ಬರೀರಿ."

ಬರೆದಿದ್ದೇನೆ. ಇಡೀ ಕಥೆಯಲ್ಲಿ ನಾನು ತಿದ್ದದ ಸಾಲು ಅದೊಂದೇ.

೫. ಮುಕ್ತಾಯ (ಅ): ಎಲ್ಲ ಸುಖವಾಯಿತು. ಮುಕ್ತಾಯ (ಆ): ಎಲ್ಲ ಕೆಟ್ಟಿತು. ಎರಡೂ ಅಳತೆಗೆ ಕೂಡುತ್ತಿಲ್ಲ.

ಇವತ್ತು ಬೆಳಿಗ್ಗೆ ಅಕ್ಕ ತನ್ನ ಹೊಸ ಕೋಟಿನ ಬಟ್ಟೆ ಹಾಸಿ, ಅದರ ಮೇಲೊಂದು ಸೀಮೆಸುಣ್ಣ ಇಟ್ಟು ಪಕ್ಕಕ್ಕೆ ಸರಿದಳು. ಅವನು ಗೆರೆ ಎಳೆದ. ಉದುರಿದ ಪುಡಿಯನ್ನು ಊದಿ ಹಾರಿಸಿದ.

"ಹೊಲಿಗೆ ಒಳಗೆ ಇಷ್ಟೊಂದು ಬಟ್ಟೆ ಯಾಕೋ ಬಿಟ್ಟೆ?"

"ಇರ್ಲಿ ಅಕ್ಕಾ. ನಾಳೆ ಬಿಚ್ಚಿ ಸರಿ ಮಾಡ್ಬೇಕಾದ್ರೆ ಬೇಕಾಗತ್ತೆ."

ಅವಳು ತಮ್ಮನ ಕೈಗೆ ಕತ್ತರಿ ಕೊಟ್ಟಳು. ಅವನು ಕತ್ತರಿಸುತ್ತಿದ್ದಾನೆ. ನಾನೂ ಇಲ್ಲಿ ಕಥೆಯ ಅಂಚು ಮಡಚಿ ಹೊಲಿಯುವುದಿಲ್ಲ.