ಕುಸುಮಾಳ ಹಳೆಯ ನಂಬರು

ಕೊಟ್ಟಿಗೆಹಾರದಿಂದ ಮೂರು ಕಿಲೋಮೀಟರ್ ಒಳಗೆ, ಕಾಫಿ ಎಸ್ಟೇಟಿನ ಕೂಲಿಯವರ ಲೈನ್‌ಮನೆಗಳ ಅಂಗನವಾಡಿಯಲ್ಲಿ ರೇವತಿ ಹತ್ತೊಂಬತ್ತು ವರ್ಷಗಳಿಂದ ಟೀಚರ್. ಮೊದಲೆಲ್ಲ ಬಸುರಿಯರಿಗೆ ಆಹಾರದ ಪೊಟ್ಟಣ ಕೊಟ್ಟು ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡರೆ ಮುಗಿಯುತ್ತಿತ್ತು. ಈಗ ಮೊಬೈಲಿನ ಆ್ಯಪ್‌ಗೆ ಪ್ರತಿಯೊಬ್ಬರ ಮುಖ ತೋರಿಸಬೇಕು. ಅದಕ್ಕೂ ಮೊದಲು, ಆಧಾರಿಗೆ ಜೋಡಿಸಿದ ನಂಬರಿಗೆ ಬರುವ ಓಟಿಪಿಯನ್ನು ಒಂದು ಸಲ ಒತ್ತಬೇಕು. ತಿಂಗಳ ಕೊನೆಯೊಳಗೆ ಆಗದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ ಎಂದು ಮೀಟಿಂಗಿನಲ್ಲಿ ಹೇಳಿದ್ದರು.

ಉಳಿದವರದ್ದೆಲ್ಲ ಹೇಗೋ ಆಯಿತು. ಕುಸುಮಾಳದ್ದು ಆಗಲಿಲ್ಲ. ಏಳು ತಿಂಗಳ ಬಸುರಿ. ಕಾಫಿ ಒಣಗಿಸುವ ಕಣದಲ್ಲಿ ಕೂತು ಬೀಜ ಆರಿಸುತ್ತಿದ್ದಳು. ಅವಳ ಹಳೆಯ ನಂಬರು ನಿಂತುಹೋಗಿ ಎರಡು ವರ್ಷದ ಹತ್ತಿರವಾಗಿತ್ತು. ಮೊದಲ ಮಗು ಮೂರು ತಿಂಗಳಿಗೆ ನ್ಯುಮೋನಿಯಾದಿಂದ ತೀರಿಕೊಂಡ ಮೇಲೆ ಅವಳು ಫೋನನ್ನೇ ಮುಟ್ಟಿರಲಿಲ್ಲ, ರೀಚಾರ್ಜ್ ಮಾಡಿಸಲೂ ಇಲ್ಲ. ಆಧಾರಿನಲ್ಲಿ ನಂಬರು ಬದಲಿಸಲು ಮೂಡಿಗೆರೆಗೆ ಹೋದರೆ ಅಲ್ಲಿ ಮಷಿನ್ ಕೆಟ್ಟಿತ್ತು. ಎರಡನೇ ಸಲ ಬಸ್ಸಿನ ಕುಲುಕಾಟಕ್ಕೆ ಹೊಟ್ಟೆನೋವು ಬಂದು ಅರ್ಧ ದಾರಿಯಿಂದಲೇ ಹಿಂದಿರುಗಿದ್ದಳು.

ರೇವತಿ ಸುಮ್ಮನೆ ಒಮ್ಮೆ ಆ ಹಳೆಯ ನಂಬರಿಗೆ ಕರೆ ಮಾಡಿದಳು. ಒಬ್ಬ ಗಂಡಸು ಎತ್ತಿಕೊಂಡ.

"ನಾನು ಅಂಗನವಾಡಿ ಟೀಚರ್. ನಿಮ್ಮ ಫೋನಿಗೆ ಒಂದು ಓಟಿಪಿ ಬರ್ತದೆ, ಅದನ್ನ ಸ್ವಲ್ಪ..."

"ಹೋದ ವರ್ಷ ನನ್ನ ಅಕೌಂಟ್ ಖಾಲಿ ಮಾಡಿದ್ದೂ ಇಂಥದ್ದೇ ಮೆತ್ತಗಿನ ದನಿ. ಇಡಮ್ಮ ಫೋನ್."

ಮಾರನೆಯ ದಿನ ರೇವತಿ ಕುಸುಮಾಳ ಗಂಡ ದಿಲೀಪನ ಫೋನಿನಿಂದ ಮತ್ತೆ ಕರೆ ಮಾಡಿದಳು. ಈ ಸಲ ಆ ಮನುಷ್ಯ ಇಷ್ಟು ಹೇಳಿದ: "ನಿಜವಾಗಿ ಟೀಚರ್ ಆದ್ರೆ ಕಳಸಕ್ಕೆ ಬನ್ನಿ. ಬಸ್‌ಸ್ಟ್ಯಾಂಡ್ ಹಿಂದೆ ಗುಲಾಮ್ ಮುಸ್ತಫಾ ಅಂತ ಕೇಳಿ. ಎದುರಿಗೆ ನಿಂತು ಮಾತಾಡಿ."

ಭಾನುವಾರ ಬಟ್ಟೆ ಒಗೆಯುವುದಿತ್ತು, ಮಂಡಿ ನೋಯುತ್ತಿತ್ತು. ಆದರೂ ಹೋದಳು. ಬಸ್ಸಿನಲ್ಲಿ ನಿಂತೇ ಹೋಗಬೇಕಾಯಿತು. ತಾನು ಕಲಿತದ್ದು ಮಕ್ಕಳಿಗೆ ಹಾಡು ಹೇಳಿಕೊಡುವುದನ್ನು, ಮಾಡುತ್ತಿರುವುದು ನಂಬರುಗಳ ಬೆನ್ನು ಹತ್ತುವುದನ್ನು ಎಂದುಕೊಂಡಳು. ಸಿಟ್ಟು ಬರಲಿಲ್ಲ. ಸಿಟ್ಟಿಗೂ ಸ್ವಲ್ಪ ಶಕ್ತಿ ಬೇಕು.

ಗುಲಾಮ್ ಮುಸ್ತಫಾ ಕಳೆ ಕತ್ತರಿಸುವ ಮಷಿನ್ ರಿಪೇರಿ ಮಾಡುವವನು. ಅರುವತ್ತು ದಾಟಿತ್ತು. ರೇವತಿಯ ಗುರುತಿನ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಎಣ್ಣೆಯ ಕೈ ಒರೆಸಿಕೊಂಡು, ಒಳಗಿನಿಂದ ಸ್ಟೂಲು ತಂದಿಟ್ಟ.

"ತಪ್ಪು ತಿಳಿಬೇಡಿ ಟೀಚರ್. ಈ ನಂಬರ್ ನಂಗೆ ಅಂಗಡಿಯವನು ಕೊಟ್ಟದ್ದು. ಮೊದಲು ಯಾರದ್ದಿತ್ತು ಅಂತ ನಂಗೇನು ಗೊತ್ತು?" ಎಂದು ಫೋನು ತೆರೆದ. "ಆದ್ರೆ ಒಂದಿಷ್ಟು ಮೆಸೇಜ್ ಬರ್ತಿದ್ವು. ನಾನು ಅಳಿಸ್ಲಿಲ್ಲ. ಯಾರಾದ್ರೂ ಕೇಳಿಕೊಂಡು ಬಂದಾರು ಅಂತ ಇಟ್ಟಿದ್ದೆ. ನೋಡಿ, ಒಂಬತ್ತನೇ ತಿಂಗಳ ಲಸಿಕೆ. ಇದು ಹದಿನಾರನೇ ತಿಂಗಳದ್ದು. ಹಾಕಿಸಿದ್ರಾ? ಮಗು ಈಗ ಓಡಾಡ್ತಿರಬೇಕಲ್ಲ?"

ರೇವತಿ ಪರದೆಯನ್ನೇ ನೋಡಿದಳು. ನಿಮ್ಮ ಮಗುವಿಗೆ, ನಿಮ್ಮ ಮಗುವಿಗೆ ಎಂದು ಸಾಲಾಗಿ ಬಂದಿತ್ತು.

"ಆ ಮಗು ಇಲ್ಲ ಸಾಬ್ರೇ."

ಮುಸ್ತಫಾ ಕನ್ನಡಕ ತೆಗೆದ. "ನಾನು ಹುಡುಕಿ ಹೇಳಬೇಕಿತ್ತಾ?"

"ಇಲ್ಲ, ಇಲ್ಲ. ನಿಮಗೆ ಈ ನಂಬರ್ ಸಿಗೋ ಮೊದ್ಲೇ ಹೋಗಿತ್ತು. ಮೆಸೇಜ್ ಕಳಿಸೋದನ್ನ ಯಾರೂ ನಿಲ್ಲಿಸ್ಲಿಲ್ಲ, ಅಷ್ಟೆ." ಅಷ್ಟು ಹೇಳುವಾಗ ಅವಳಿಗೆ ತಾನೇ ಅದನ್ನು ನಿಲ್ಲಿಸಬಹುದಿತ್ತೇನೋ ಅನ್ನಿಸಿತು. ಆ ವರ್ಷ ಆ್ಯಪಿನಲ್ಲಿ ಏನೇನು ತುಂಬಿದೆ, ಏನು ಬಿಟ್ಟೆ ಎಂಬುದು ಅವಳಿಗೆ ನೆನಪಿರಲಿಲ್ಲ. "ಆ ತಾಯಿ ಈಗ ಮತ್ತೆ ಬಸುರಿ. ಅವಳಿಗೇ ಪೊಟ್ಟಣ ಕೊಡಬೇಕಾದ್ದು."

ಮುಸ್ತಫಾ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡ. ಆಮೇಲೆ, "ನಾಳೆ ಹತ್ತು ಗಂಟೆಗೆ ಕೆಲಸ ಬಿಟ್ಟು ಕೂತಿರ್ತೀನಿ. ಒತ್ತಿ," ಎಂದ.

ಲೈನ್‌ಮನೆಗಳ ಹತ್ತಿರ ಸಿಗ್ನಲ್ ಇಲ್ಲ. ಸಿಗುವುದು ಡಾಂಬರು ರಸ್ತೆಯ ತಿರುವಿನಲ್ಲಿ. ಸೋಮವಾರ ರೇವತಿ ಕುಸುಮಾಳ ಕೈ ಹಿಡಿದು ನಿಧಾನವಾಗಿ ಅಲ್ಲಿಗೆ ನಡೆಸಿಕೊಂಡು ಬಂದಳು. ಗುಂಡಿ ಒತ್ತಿದ ಎರಡೇ ನಿಮಿಷಕ್ಕೆ ಮುಸ್ತಫಾನ ಕರೆ ಬಂತು. ಅವನು ಒಂದೊಂದೇ ಅಂಕಿಯನ್ನು ಎರಡೆರಡು ಸಲ ಹೇಳಿದ. ಓಟಿಪಿ ಸೇರಿತು. ಮುಖ ಮಾತ್ರ ಸೇರಲಿಲ್ಲ. ಆಧಾರಿನ ಫೋಟೋದಲ್ಲಿ ಹದಿನಾಲ್ಕರ ಹುಡುಗಿ, ಎದುರಿಗೆ ಊದಿದ ಮುಖದ ಹೆಂಗಸು. "ಕಣ್ಣು ಮಿಟುಕಿಸು ಮಾರಾಯ್ತಿ," "ಬಿಸಿಲಿಗೆ ತಿರುಗು," ಎಂದು ಹೇಳಿ ಹೇಳಿ ನಾಲ್ಕನೇ ಸಲಕ್ಕೆ ಹಸಿರು ಗುರುತು ಬಂತು.

ಕುಸುಮಾ ಮೋರಿಯ ಕಟ್ಟೆಯ ಮೇಲೆ ಕುಳಿತುಬಿಟ್ಟಳು. "ನಂಬರ್ ಹೇಳಿದ್ರಲ್ಲ, ಅವರು ಯಾರು ಟೀಚರ್?"

"ಕಳಸದಲ್ಲಿ ಮಷಿನ್ ರಿಪೇರಿ ಮಾಡ್ತಾರೆ. ನಿನ್ನ ಹಳೆ ನಂಬರ್ ಈಗ ಅವರ ಹತ್ರ ಇದೆ."

"ಆ ನಂಬರಿಗೆ ಪಾಪುವಿನ ಮೆಸೇಜ್ ಬರ್ತಿತ್ತು," ಎಂದಳು ಕುಸುಮಾ. "ಅದಕ್ಕೇ ನಾನು ಬಿಟ್ಟದ್ದು."

ರೇವತಿ ಅವಳ ಪಕ್ಕದಲ್ಲೇ ಕುಳಿತಳು. ಇಬ್ಬರೂ ಎದ್ದು ಹೊರಡಲು ಬಹಳ ಹೊತ್ತು ಹಿಡಿಯಿತು.

ಮಾರ್ಚಿನಲ್ಲಿ ಮೂಡಿಗೆರೆಯ ಆಸ್ಪತ್ರೆಯಲ್ಲಿ ಹೆಣ್ಣು ಮಗುವಾಯಿತು, ಎರಡು ಮುಕ್ಕಾಲು ಕೆ.ಜಿ. ರೇವತಿ ಮಗುವಿನ ಹೆಸರನ್ನು ಆ್ಯಪಿಗೆ ಸೇರಿಸುವಾಗ ದಿಲೀಪನ ನಂಬರು ಕೊಟ್ಟಳು. ನಂತರ ಆ ಮೊದಲ ಗಂಡುಮಗುವಿನ ಹಳೆಯ ದಾಖಲೆಯನ್ನು ತೆರೆದು, ಮೆಸೇಜುಗಳು ನಿಲ್ಲುವಂತೆ ಅದನ್ನು ಮುಚ್ಚಲು ಏನು ಮಾಡಬೇಕೆಂದು ಕೇಳಲು ಸೂಪರ್‌ವೈಸರ್‌ಗೆ ಫೋನ್ ಮಾಡಿದಳು. ಲೈನ್ ಬಿಜಿ ಇತ್ತು. ಫೋನನ್ನು ಕೈಯಲ್ಲೇ ಹಿಡಿದು ರಸ್ತೆಯ ತಿರುವಿನಲ್ಲಿ ಕಾಯುತ್ತ ನಿಂತಳು.