ಉದುರಿದ ಕಾಳು

“ಕೈ ತೆಗಿಬೇ, ರಂಡಿ! ನಿಮ್ಮಪ್ಪನ ಚೀಲೇನ್ ಅದು?”

ಗೋದಾಮಿನ ಸಾವ್ಕಾರ ದೇವೀಂದ್ರಪ್ಪ ಒದರಿದ ಅಬ್ಬರಕ್ಕೆ ಜೇವರ್ಗಿ ಬಜಾರದ ಹಮಾಲರೆಲ್ಲ ತಿರುಗಿ ನೋಡಿದರು. ಮಲ್ಕಮ್ಮ ತೊಗರಿ ಚೀಲದ ಹೊಲಿಗೆಯ ಮೇಲಿಂದ ಕೈ ಹಿಂದಕ್ಕೆಳೆದುಕೊಂಡಳು. ಎಲ್ಲಾದರೂ ಒಂದು ತೂತು ಸಿಕ್ಕೀತೇ ಎಂದು ಸವರುತ್ತಿದ್ದಳು, ಅಷ್ಟೇ.

ಮೂವತ್ತು ವರ್ಷದಿಂದ ಆಕೆ ಈ ಬಜಾರದ ಅಂಗಳ ಗುಡಿಸುತ್ತ ಬಂದಿದ್ದಳು. ಪಗಾರವೆಂದು ಯಾರೂ ಬಿಡಿಗಾಸು ಕೊಟ್ಟಿದ್ದಿಲ್ಲ. ರೈತರು ತೊಗರಿ ಸುರುವಿ, ಸವಾಲು ಕೂಗಿ ಹರಾಜು ಮುಗಿದು, ಚೀಲ ತುಂಬಿದ ಮೇಲೆ ನೆಲದಲ್ಲಿ ಉಳಿದ ಕಾಳು ಗುಡಿಸಿದಾಕೆಗೆ. ಅದೇ ಕೂಲಿ, ಅದೇ ರೂಢಿ. ಸರ್ಕಾರ ಹೊರದೇಶದ ತೊಗರಿಗೆ ಸುಂಕ ಬಿಟ್ಟಿದ್ದೇ ತಡ, ಆಫ್ರಿಕಾದ ಕಾಳು ಬಾಯಿ ಹೊಲಿದ ಚೀಲದಲ್ಲೇ ಬಂದು ಗೋದಾಮಿಗೆ ಇಳಿಯಿತು. ಊರ ತೊಗರಿ ಕೇಳುವವರಿಲ್ಲ. ರಾಶಿಯಿಲ್ಲ, ಸವಾಲಿಲ್ಲ, ಉದುರುವುದಾದರೂ ಎಲ್ಲಿಂದ? ಅಂಗಳ ಮಾತ್ರ ಆಕೆಯೇ ಗುಡಿಸಬೇಕು.

“ಯಪ್ಪಾ, ಮಗಳು ಸಾಬಮ್ಮ ಹಡದು ಎಂಟ್ ದಿನ ಆತ್ರಿ. ಬ್ಯಾಳಿಕಟ್ಟು ಇಲ್ದ ಎದ್ಯಾಗ ಹಾಲಿಲ್ಲ. ಕೂಸು ಒದರಾಕತ್ತದ. ಒಂದ್ ಬೊಗಸಿ ಕೊಡ್ರಿ.”

“ಸುಂಕ ನಾ ಬಿಟ್ಟೇನೇನ್? ದಿಲ್ಲಿಗಿ ಹೋಗಿ ಕೇಳ್ಹೋಗು!”

ಮಲ್ಕಮ್ಮನಿಗೆ ತಡೆಯಲಾಗಲಿಲ್ಲ.

“ನೀನೂ ನಮ್ಮ ಬೇಡರ ಓಣ್ಯಾಗ ಹುಟ್ಟಿದಾಂವ, ದೇವ್ಯಾ. ನಿಮ್ಮವ್ವ, ನಾ, ಇಬ್ರೂ ಕೂಡೇ ಇದ ಅಂಗಳ ಗುಡಿಸೀವಿ. ನೀ ಉಂಡು ಬೆಳದದ್ದು ಉದುರಿದ ಕಾಳು!”

ಹಮಾಲನೊಬ್ಬ ಕಿಸಕ್ಕನೆ ನಕ್ಕ. ದೇವೀಂದ್ರಪ್ಪನ ಮುಖ ಕಪ್ಪಿಟ್ಟಿತು. ಗೋದಾಮು ಕಟ್ಟಿಸಿದ ಮೇಲೆ ಆತ ಆ ಓಣಿಯ ಕಡೆ ತಲೆ ಹಾಕಿಯೂ ಮಲಗಿದವನಲ್ಲ. ಆಕೆಯ ಕಸಬರಿಗೆಯನ್ನು ಕಾಲಿನಿಂದ ಒದ್ದ.

“ಭಿಕಾರಿ! ನಾಳಿಂದ ಇತ್ಲಾಗ ಕಾಲಿಟ್ರ ನೋಡು. ಉದುರಿದ್ದು ಇದ್ರ ಬಳ್ಕೊಂಡ್ ಹೋಗು, ಯಾರ್ ಬ್ಯಾಡಂದಾರ!”

ಕೂಸಿನ ಅಳು ಮಲ್ಕಮ್ಮನ ಕಿವಿ ಬಿಟ್ಟಿರಲಿಲ್ಲ. ಹಮಾಲರು ಚೀಲ ಎಳೆಯುವ ಕಬ್ಬಿಣದ ಕೊಕ್ಕೆ ಬದಿಯಲ್ಲೇ ಬಿದ್ದಿತ್ತು. ಎತ್ತಿಕೊಂಡಳು. ಯಾರಾದರೂ ಹಿಡಿಯುವುದರೊಳಗೆ ಮೊದಲ ಚೀಲಕ್ಕೆ ಹಾಕಿ ಜಗ್ಗಿದಳು. ಎರಡನೆಯದಕ್ಕೂ ಜಗ್ಗಿದಳು. ಮೂರನೆಯದಕ್ಕೂ. ತೊಗರಿ ಸೊರ್ರೆಂದು ಸುರಿದು ಆಕೆಯ ಪಾದ ಮುಚ್ಚಿತು.

“ಹಿಡೀರಲೇ ಆಕೀನ! ಪೊಲೀಸರಿಗಿ ಫೋನ್ ಹಚ್ಚ್ರಿ!”

ಹಮಾಲರು ನಿಂತಲ್ಲೇ ನಿಂತರು. ದೇವೀಂದ್ರಪ್ಪನೇ ಫೋನು ಕಿವಿಗೆ ಹಿಡಿದ.

ಮಲ್ಕಮ್ಮ ಕೊಕ್ಕೆ ಬಿಸಾಡಿ ಕಸಬರಿಗೆ ಹಿಡಿದಳು.

“ಬರಲಿ, ಬರಲಿ. ಕಾಳು ಉದುರ್ಯಾವ. ಉದುರಿದ್ದು ನಂದು.”

ಸೊಂಟ ಬಗ್ಗಿಸಿ ಗುಡಿಸತೊಡಗಿದಳು.